ಕಸೂತಿಯ ತಾಸಿನ ಲೆಕ್ಕ

2013ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಗಡಿಯಾರವನ್ನು ಎದುರಿಗೆ ಇಟ್ಟುಕೊಂಡು ಕಸೂತಿಗೆ ಕುಳಿತೆ. ಧಾರವಾಡದ ನಮ್ಮ ಓಣಿಯ ಹನ್ನೊಂದು ಹೆಣ್ಣುಮಕ್ಕಳಿಗೆ ಬಟ್ಟೆ, ದಾರ ಕೊಟ್ಟು ಕೆಲಸ ಮಾಡಿಸಿ ಅಂಗಡಿಗಳಿಗೆ ಒದಗಿಸಲು ತೊಡಗಿ ಆಗ ಎರಡು ವರ್ಷವಾಗಿತ್ತು. ಕುಪ್ಪಸದ ಬಟ್ಟೆಯ ಎರಡೂ ತೋಳಿಗೆ ಗೋಪುರದ ಸಾಲು ಹಾಕಿದರೆ 180 ರೂಪಾಯಿ ಮಜೂರಿ. ಈ ದರವನ್ನು ಹೇಗೆ ಗೊತ್ತು ಮಾಡಿದಿರಿ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ನನಗಿಂತ ಮೊದಲು ಕೆಲಸ ಕೊಡುತ್ತಿದ್ದವರು 150 ಕೊಡುತ್ತಿದ್ದರು. ನಾನು ಮೂವತ್ತು ಸೇರಿಸಿ, ನ್ಯಾಯವಾಗಿ ನಡೆದುಕೊಂಡಿದ್ದೇನೆ ಎಂದು ನಂಬಿಕೊಂಡಿದ್ದೆ.

ಆ ತೋಳುಗಳನ್ನು ನಾನೇ ಹಾಕಿ ಮುಗಿಸುವಷ್ಟರಲ್ಲಿ ಮೂರು ದಿನ ಸೇರಿ ಹನ್ನೊಂದು ತಾಸು ಹಿಡಿಯಿತು. ನನ್ನ ಕೈ ನಿಧಾನವಲ್ಲ. ಎಂಟನೆಯ ವಯಸ್ಸಿನಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು ಕಲಿತವಳು. ಭಾಗಿಸಿ ನೋಡಿದೆ: ತಾಸಿಗೆ ಹದಿನಾರು ರೂಪಾಯಿ ಚಿಲ್ಲರೆ. ವಹಿಯ ಹಾಳೆಯ ಮೇಲೆ ಆ ಅಂಕಿಯನ್ನು ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ.

ಅದೇ ವರ್ಷ, ನಮ್ಮ ಗುಂಪಿನಲ್ಲಿ ಮುರಗಿ ಹೊಲಿಗೆಯನ್ನು ಎಲ್ಲರಿಗಿಂತ ಚೊಕ್ಕಟವಾಗಿ ಹಾಕುತ್ತಿದ್ದ ಒಬ್ಬಾಕೆ ಸೂಜಿ ಬಿಟ್ಟು ಜೋಳದ ರೊಟ್ಟಿ ಬಡಿಯುವ ಕೆಲಸಕ್ಕೆ ಹೋಗಿದ್ದಳು. "ಅಕ್ಕಾರೇ, ರೊಟ್ಟಿ ಬಡಿದರೆ ಸಂಜೆಗೆ ದುಡ್ಡು ಕೈಯಲ್ಲಿರುತ್ತದೆ. ಇದರಲ್ಲಿ ಕಣ್ಣು ಇಂದು ಹೋಗುತ್ತದೆ, ದುಡ್ಡು ಮುಂದಿನ ತಿಂಗಳು ಬರುತ್ತದೆ" ಎಂದಿದ್ದಳು. ಕಲೆಯ ಬೆಲೆ ತಿಳಿಯದೆ ಹೋದಳಲ್ಲ ಎಂದು ಆಗ ನನಗೆ ಬೇಸರವಾಗಿತ್ತು. ಬೆಲೆ ತಿಳಿದಿದ್ದವಳು ಅವಳೊಬ್ಬಳೇ ಎಂಬುದು ಆ ಹಾಳೆಯನ್ನು ನೋಡಿದ ಮೇಲೆ ಅರ್ಥವಾಯಿತು.

ಕಸೂತಿ ಎಂದರೆ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯ ಮೇಲೆ, ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಕೂಸಿನ ಕುಲಾವಿಯ ಮೇಲೆ ಮನೆಯ ಹೆಂಗಸರು ಹಾಕುತ್ತ ಬಂದದ್ದು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ, ನವಿಲು, ತೊಟ್ಟಿಲು: ಸೆರಗಿನ ಬಳಿ ದೊಡ್ಡವು, ಮೇಲಕ್ಕೆ ಹೋದಂತೆ ಚಿಕ್ಕವು. ಹೊಲಿಗೆ ನಾಲ್ಕೇ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ.

ಗವಂತಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಲೆಕ್ಕವೆಲ್ಲ ಬದಲಾದದ್ದು ಅಲ್ಲಿಂದಲೇ. ಸೂಜಿ ಮೂರು ಅಥವಾ ನಾಲ್ಕು ಎಳೆ ಮೇಲೆ ಹೋಗುತ್ತದೆ, ಅಷ್ಟೇ ಎಳೆ ಕೆಳಗೆ ಹೋಗುತ್ತದೆ. ಹೀಗೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಇಡುತ್ತ ಚಿತ್ರದ ಕೊನೆಯವರೆಗೆ ನಡೆದು, ಬಂದ ದಾರಿಯಲ್ಲೇ ಹಿಂತಿರುಗಿ ಬಿಟ್ಟ ಹೆಜ್ಜೆಗಳನ್ನು ತುಂಬಬೇಕು. ಮರಳಿ ಹೊರಟ ಜಾಗಕ್ಕೆ ಬಂದಾಗ ಎಲ್ಲಿಯೂ ಸಂದಿ ಉಳಿದಿರಬಾರದು. ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಲಾಗದಂತೆ ಎರಡೂ ಕಡೆ ಒಂದೇ ಚಿತ್ರ ಮೂಡಬೇಕು. ಗೋಪುರದಂಥ ಚಿತ್ರದಲ್ಲಿ ಹತ್ತಾರು ಕವಲುಗಳಿರುತ್ತವೆ. ಯಾವ ಕವಲಿಗೆ ಮೊದಲು ಹೋಗಬೇಕು, ಯಾವುದನ್ನು ಬರುವಾಗ ಮುಟ್ಟಬೇಕು ಎಂಬ ಇಡೀ ನಕ್ಷೆ ಮೊದಲ ಚುಚ್ಚಿಗೆ ಮುಂಚೆಯೇ ತಲೆಯಲ್ಲಿ ಇರಬೇಕು. ಒಂದು ಕವಲು ತಪ್ಪಿದರೆ ಸೂಜಿ ನಡುವೆ ಸಿಕ್ಕಿಕೊಳ್ಳುತ್ತದೆ, ಬಿಚ್ಚುವುದೊಂದೇ ದಾರಿ. ಅಜ್ಜಿ ಹೊಸ ಚಿತ್ರವೊಂದನ್ನು ಕಂಡರೆ ಮೊದಲು ಬೆರಳಿನಿಂದ ಗಾಳಿಯಲ್ಲಿ ಅದರ ದಾರಿ ನಡೆಯುತ್ತಿದ್ದಳು.

ನಾವು ಮಜೂರಿ ಕೊಡುತ್ತಿದ್ದದ್ದು ಹೊಲಿದ ಇಂಚಿಗೆ. ದಾರಿ ಕಂಡುಹಿಡಿದ ತಲೆಗೆ ಒಂದು ಪೈಸೆಯೂ ಇರಲಿಲ್ಲ. ಹೀಗಾಗಿ ಯಾರೂ ಹೊಸದನ್ನು ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ. ಬಾಯಿಪಾಠವಾದ ಗೋಪುರವನ್ನೇ ಬೇಗ ಬೇಗ ಹಾಕಿದರೆ ನಾಲ್ಕು ಕಾಸು ಹೆಚ್ಚು. ಸಂಪ್ರದಾಯ ಬದಲಾಗುವುದಿಲ್ಲ, ಹೆಂಗಸರಿಗೆ ಹೊಸದು ಹೊಳೆಯುವುದಿಲ್ಲ ಎಂದು ಭಾಷಣದಲ್ಲಿ ಹೇಳುವವರನ್ನು ಕಂಡಾಗಲೆಲ್ಲ ನನಗೆ ಈ ಮಜೂರಿಯ ಚೀಟಿಯನ್ನು ತೋರಿಸಬೇಕು ಎನ್ನಿಸುತ್ತದೆ.

ಮೊದಲು ಮಾಡಿದ್ದು ದರ ಬದಲಿಸಿದ್ದು. ತಾಸಿಗೆ 45 ರೂಪಾಯಿ ಎಂದು ಗೊತ್ತು ಮಾಡಿದೆ. ಪ್ರತಿ ಚಿತ್ರವನ್ನೂ ಮೂವರು ಬೇರೆ ಬೇರೆಯಾಗಿ ಹಾಕಿ, ಮೂವರ ಸಮಯದ ಸರಾಸರಿ ತೆಗೆದೆವು. ಗೋಪುರದ ಆ ತೋಳುಗಳಿಗೆ 495 ರೂಪಾಯಿ ಆಯಿತು. ಅಂಗಡಿಯವರಿಗೆ ಇಡೀ ತುಂಡನ್ನು ನಾನು ಮಾರುತ್ತಿದ್ದದ್ದೇ 420ಕ್ಕೆ! ಇಬ್ಬರು ಅಂಗಡಿಯವರು ಕೈಬಿಟ್ಟರು, ಮೂರನೆಯವರು ನಕ್ಕರು. ಆರು ತಿಂಗಳು ಬಹಳ ಕಷ್ಟವಾಯಿತು. ಹನ್ನೊಂದು ಜನರಲ್ಲಿ ಐವರು ಉಳಿದರು. ಕೊಡಬೇಕಾದ ಮಜೂರಿಗೆ ನನ್ನ ಎರಡು ಬಳೆ ಅಡವಿಟ್ಟೆ.

ಹಾಗಿದ್ದರೂ ದರ ಇಳಿಸಲಿಲ್ಲ. ಇಳಿಸಿದ್ದು ಕಸೂತಿಯ ವಿಸ್ತಾರವನ್ನು. ತೋಳಿನ ತುಂಬ ಹಾಕುವ ಬದಲು ಅಂಚಿಗೆ ಒಂದೇ ಸಾಲು; ಐದು ತಾಸಿನ ಕೆಲಸ, 225 ರೂಪಾಯಿ. ಕುರ್ತಾದ ಎದೆಯ ಮೇಲೆ ಒಂದೇ ತೇರು, ಸುತ್ತ ಬಯಲು. ಕೊಳ್ಳುವವರಿಗೆ ಅದು ಇನ್ನೂ ಹೆಚ್ಚು ಹಿಡಿಸಿತು. ಜಾಗ ಬಿಟ್ಟಾಗ ಚಿತ್ರಕ್ಕೆ ಉಸಿರಾಡಲು ಆಸ್ಪದ ಸಿಗುತ್ತದೆ ಎಂಬುದು ನಮಗೆ ಹಣದ ಅಡಚಣೆಯಿಂದ ತಿಳಿದ ಪಾಠ. ಎಳೆ ಎಣಿಸಲು ಬಾರದ ನುಣುಪು ಬಟ್ಟೆಯ ಮೇಲೂ ಕೆಲಸ ಶುರು ಮಾಡಿದೆವು. ಜಾಳುಜಾಳಾದ ಕ್ಯಾನ್ವಾಸ್ ತುಂಡನ್ನು ಮೇಲೆ ಹಚ್ಚಿ, ಅದರ ಕಣ್ಣುಗಳನ್ನು ಎಣಿಸಿ ಕಸೂತಿ ಹಾಕಿ, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಆ ಎಳೆಯುವ ಕೆಲಸಕ್ಕೂ ತಾಸಿನ ಲೆಕ್ಕವನ್ನೇ ಹಿಡಿದೆವು. ಮೊದಲು ಅದನ್ನು ಯಾರೂ ಕೆಲಸವೆಂದೇ ಎಣಿಸುತ್ತಿರಲಿಲ್ಲ, ಮನೆಯ ಹುಡುಗಿಯರು ಪುಕ್ಕಟೆ ಮಾಡಿಕೊಡುತ್ತಿದ್ದರು.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದ ಮೇಳಗಳಲ್ಲಿ ನೇರವಾಗಿ ಮಾರಲು ತೊಡಗಿದ ಮೇಲೆ ಕೈಗೆ ಬಲ ಬಂತು. ಅಲ್ಲಿ "ಇಷ್ಟೇಕೆ ದುಬಾರಿ?" ಎಂದು ಕೇಳಿದವರಿಗೆ ನಾನು ಉತ್ತರ ಹೇಳುವುದಿಲ್ಲ, ಬಟ್ಟೆಯನ್ನು ಮಗುಚಿ ತೋರಿಸುತ್ತೇನೆ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ಬಾಬಿನ್ ದಾರ ಕಟ್ಟಿಕೊಂಡಿರುತ್ತದೆ. ನಮ್ಮದರ ಹಿಂಬದಿಯಲ್ಲಿ ಅದೇ ಗೋಪುರ ನಿಂತಿರುತ್ತದೆ. ಹತ್ತರಲ್ಲಿ ನಾಲ್ವರು ಆ ಕ್ಷಣದಲ್ಲಿ ಸುಮ್ಮನಾಗುತ್ತಾರೆ. ಆ ನಾಲ್ವರು ನಮಗೆ ಸಾಕು.

ರೊಟ್ಟಿಗೆ ಹೋದವಳು 2016ರಲ್ಲಿ ವಾಪಸು ಬಂದಳು. ಅವಳು ಕೇಳಿದ್ದು ಒಂದೇ: ಮಜೂರಿ ಪ್ರತಿ ಶನಿವಾರ ಕೈಗೆ ಬರಬೇಕು. ಅಂದಿನಿಂದ ನಮ್ಮಲ್ಲಿ ಶನಿವಾರದ ಬಟವಾಡೆ ತಪ್ಪಿಲ್ಲ.

ಅವಳ ಮಗ ಆಟೋ ಓಡಿಸುತ್ತಾನೆ. ಒಂದು ದಿನ ಉಳಿದ ತುಂಡೊಂದರ ಮೇಲೆ ಆಟೋರಿಕ್ಷಾ ಹಾಕಿ ತಂದಳು. ಕಸೂತಿಯಲ್ಲಿ ಗೆರೆಗಳು ಅಡ್ಡ, ಉದ್ದ, ಓರೆ ಮಾತ್ರ ಹೋಗಬಲ್ಲವು, ದುಂಡಗೆ ತಿರುಗಲಾರವು. ಆಟೋದ ಗಾಲಿಯನ್ನು ಏನು ಮಾಡುವುದು? ಎಂಟು ಮೂಲೆಯ ಗಾಲಿ ಮಾಡಿ, ಒಳಗೆ ನಮ್ಮ ಹಳೆಯ ಕಮಲವನ್ನು ಕೂರಿಸಿದ್ದಳು. ಮೇಲಿನ ಹೊದಿಕೆಗೆ ಪಲ್ಲಕ್ಕಿಯ ಮಾಡು. ತೇರನ್ನು ಹಾಕಿ ಹಾಕಿ ಪಳಗಿದ ಕೈಗೆ ಆಟೋ ಕೂಡ ಒಂದು ತೇರಾಗಿ ಕಂಡಿತ್ತು. ಗವಂತಿಯ ದಾರಿ ಗಾಲಿಯಿಂದ ಹೊರಟು, ಹೊದಿಕೆಯನ್ನು ಸುತ್ತಿ, ಗಾಲಿಗೇ ಮರಳಿ ಮುಗಿಯುತ್ತಿತ್ತು. ಮಗುಚಿ ನೋಡಿದೆ. ಒಂದೂ ಸಂದಿ ಇರಲಿಲ್ಲ.

ಆ ಆಟೋ ನಮ್ಮ ಕೈಚೀಲಗಳ ಮೇಲೆ, ಕುರ್ತಾಗಳ ಮೇಲೆ ಚೆನ್ನಾಗಿ ಓಡಿತು. ವರ್ಷ ತುಂಬುವುದರೊಳಗೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದೇ ಎಂಟು ಮೂಲೆಯ ಗಾಲಿ, ಅದೇ ಕಮಲ, ಯಂತ್ರದಲ್ಲಿ ಹೊಡೆದದ್ದು, ನಮ್ಮ ಬೆಲೆಯ ಕಾಲುಭಾಗಕ್ಕೆ ಸಿಕ್ಕಿತು. ನಾನೇ ಒಂದು ಕೊಂಡು ತಂದು ಅವಳ ಮುಂದೆ ಇಟ್ಟೆ. ಅವಳು ಅದನ್ನು ಮಗುಚಿ ಹಿಂಬದಿ ನೋಡಿ, ಏನೂ ಮಾತನಾಡದೆ ಮಡಚಿ ಕೊಟ್ಟಳು.

ಕಸೂತಿಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಇದೆಯಲ್ಲ, ತಡೆಯಬಹುದು ಎಂದುಕೊಂಡು ವಕೀಲರ ಬಳಿ ಹೋದೆ. ಅಲ್ಲಿ ತಿಳಿದದ್ದನ್ನು ಕೈಕೆಲಸದವರೆಲ್ಲ ತಿಳಿದಿರಬೇಕು. 1999ರ ಜಿಐ ಕಾಯಿದೆ ರಕ್ಷಿಸುವುದು ಹೆಸರನ್ನು. ಇಳಕಲ್ ಸೀರೆ, ಬಿದರಿ, ಕಿನ್ನಾಳದ ಗೊಂಬೆ ಎಲ್ಲಕ್ಕೂ ಇದೇ ಮಾತು. ಯಂತ್ರದ ಮಾಲನ್ನು ಕಸೂತಿ ಎಂದು ಹೇಳಿ ಮಾರಿದರೆ ಪ್ರಶ್ನಿಸಬಹುದು. ಆದರೆ ಆ ಅಂಗಡಿಯವರು ಚೀಟಿಯ ಮೇಲೆ ಕಸೂತಿ ಎಂದು ಬರೆದಿರಲಿಲ್ಲ, "ಎಂಬ್ರಾಯ್ಡರಿ" ಎಂದಷ್ಟೇ ಬರೆದಿದ್ದರು. ಒಬ್ಬಾಕೆ ಹೊಸದಾಗಿ ಕಟ್ಟಿದ ಚಿತ್ರಕ್ಕೆ ಜಿಐ ಕಾವಲು ನಿಲ್ಲುವುದಿಲ್ಲ. ಅದಕ್ಕೆ ಇರುವುದು 2000ದ ವಿನ್ಯಾಸ ಕಾಯಿದೆ: ನೋಂದಾಯಿಸಿದರೆ ಹತ್ತು ವರ್ಷ, ಬೇಕಿದ್ದರೆ ಇನ್ನೂ ಐದು ವರ್ಷ ಹಕ್ಕು ಸಿಗುತ್ತದೆ. ಆದರೆ ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮುಂಚೆ ಎಲ್ಲಿಯೂ ಪ್ರಕಟವಾಗಿರಬಾರದು. ನಾವು ಮೇಳದಲ್ಲಿ ಮಾರಿದ್ದೆವು, ಮೊಬೈಲ್‌ನಲ್ಲಿ ಫೋಟೋ ಹಾಕಿದ್ದೆವು. ಬಾಗಿಲು ಮುಚ್ಚಿತ್ತು. ಹಕ್ಕುಸ್ವಾಮ್ಯವಾದರೂ ಇದೆಯಲ್ಲ ಎಂದರೆ, ಅದರ ಕಾಯಿದೆಯ 15ನೆಯ ಕಲಮು ಅಡ್ಡ ಬರುತ್ತದೆ: ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯರೇ, ಇಲ್ಲವೇ ಅವರ ಒಪ್ಪಿಗೆ ಪಡೆದವರು, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಹಕ್ಕುಸ್ವಾಮ್ಯ ಅಲ್ಲಿಗೆ ಮುಗಿಯುತ್ತದೆ. ಸೂಜಿಯ ಕೆಲಸ ಕೈಗಾರಿಕಾ ವಿಧಾನ ಹೌದೋ ಅಲ್ಲವೋ ಎಂದು ವಾದಿಸಲು ನ್ಯಾಯಾಲಯಕ್ಕೆ ಹೋಗಬೇಕು. ನಮ್ಮಲ್ಲಿ ಅಷ್ಟು ಹಣವಿರಲಿಲ್ಲ.

ಹೊರಗಿನವರನ್ನು ತಡೆಯಲಾಗದಿದ್ದರೂ ಮನೆಯೊಳಗಿನ ನ್ಯಾಯವನ್ನು ಸರಿಪಡಿಸಬಹುದಿತ್ತು. ಹೊಸ ಚಿತ್ರ ಕಟ್ಟಿದವರಿಗೆ, ಆ ಚಿತ್ರ ಇರುವ ಪ್ರತಿ ವಸ್ತುವಿನ ಮಾರಾಟದಲ್ಲಿ ನೂರಕ್ಕೆ ಐದು ಎಂದು ನಿಯಮ ಮಾಡಿದೆವು. ಯಾರು ಹೊಲಿದರೂ ಸರಿ, ಕಟ್ಟಿದವರಿಗೆ ಪಾಲು. ಚಿತ್ರದ ಚೀಟಿಯಲ್ಲಿ ಅವರ ಹೆಸರು.

ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಗುಂಪಿನ ಹಿರಿಯರಾದ ಮಾವಶಿ ಒಬ್ಬರು ಸಿಟ್ಟಾದರು. "ನನ್ನ ಅವ್ವ ಕಲಿಸಿದ ಗೋಪುರವನ್ನು ನಿಮಗೆಲ್ಲ ಕಲಿಸಿದವಳು ನಾನು. ನಾನು ಯಾರಿಂದಲಾದರೂ ನೂರಕ್ಕೆ ಐದು ಕೇಳಿದೆನೇ? ಕಸೂತಿಯಲ್ಲಿ ನನ್ನದು, ನಿನ್ನದು ಎಂಬುದನ್ನು ತಂದವಳು ನೀನು" ಎಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ, ಏಕೆಂದರೆ ಅವರ ಮಾತಿನಲ್ಲಿ ಸತ್ಯವಿತ್ತು. ಗೋಪುರವನ್ನು ಯಾರೋ ಒಬ್ಬಾಕೆ ಮೊದಲ ಸಲ ಹಾಕಿರಲೇಬೇಕು. ಅವಳು ಅದನ್ನು ಬಿಟ್ಟುಕೊಟ್ಟದ್ದರಿಂದಲೇ ನಾವು ಇಂದು ಉಣ್ಣುತ್ತಿದ್ದೇವೆ. ಆದರೆ ಅವಳು ಬಿಟ್ಟುಕೊಟ್ಟದ್ದು ನೆರೆಮನೆಯ ಹುಡುಗಿಗೆ, ಬೀಗರಿಗೆ, ಮಗಳಿಗೆ. ಆ ಕೊಡುಗೆ ಬೇರೊಂದು ರೂಪದಲ್ಲಿ ಅವಳ ಓಣಿಗೇ ತಿರುಗಿ ಬರುತ್ತಿತ್ತು. ಯಂತ್ರದ ಅಂಗಡಿಯಿಂದ ನಮ್ಮ ಓಣಿಗೆ ಏನೂ ತಿರುಗಿ ಬರುವುದಿಲ್ಲ.

ಕೊನೆಗೆ ಮಾವಶಿಯವರೇ ಸೂಚಿಸಿದಂತೆ ಎರಡು ಪಟ್ಟಿ ಮಾಡಿದೆವು. ಹಳೆಯ ಚಿತ್ರಗಳು ಎಲ್ಲರವು, ಅವುಗಳಿಗೆ ಪಾಲಿಲ್ಲ. ಹೊಸವುಗಳ ಪಾಲಿನಲ್ಲಿ ಒಂದು ಭಾಗ ಕಲಿಸುವವರಿಗೆ ಹೋಗುತ್ತದೆ: ಮಾವಶಿ ಈಗ ವಾರಕ್ಕೆ ಎರಡು ದಿನ ಹುಡುಗಿಯರಿಗೆ ಕಲಿಸುತ್ತಾರೆ, ಅದಕ್ಕೂ ತಾಸಿನ ಲೆಕ್ಕವೇ. ಅವರು ಜೀವಮಾನದಲ್ಲಿ ಕಲಿಸಿದ್ದಕ್ಕೆ ಪಡೆದ ಮೊದಲ ಹಣ ಅದು. ಎಣಿಸದೆಯೇ ಸೆರಗಿನ ತುದಿಗೆ ಕಟ್ಟಿಕೊಂಡರು.

ವಿಶ್ವಸಂಸ್ಥೆಯು 2021ನ್ನು ಸೃಜನಶೀಲ ಆರ್ಥಿಕತೆಯ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿತ್ತು. ಆ ಕುರಿತ ಸಭೆಯೊಂದರಲ್ಲಿ ಮಾತನಾಡಲು ನನ್ನನ್ನೂ ಕರೆದಿದ್ದರು. ಸಂಸ್ಕೃತಿಯೇ ಬಂಡವಾಳ ಎಂಬ ಮಾತನ್ನು ಅಂದು ಹಲವರು ಹೇಳಿದರು. ನನಗೆ ಆ ಮಾತು ಅರ್ಧವೇ ಸರಿ ಎನ್ನಿಸಿತು. ಬಂಡವಾಳ ಹೂಡಿದವರಿಗೆ ಬಡ್ಡಿ ಬರುತ್ತದೆ; ಕಸೂತಿ ಹಾಕಿದವರಿಗೆ ಬಂದದ್ದು ಕನ್ನಡಕ. ನನ್ನ ಸರದಿ ಬಂದಾಗ 2013ರ ಆ ವಹಿಯ ಹಾಳೆಯನ್ನು ಓದಿ ಕುಳಿತೆ.

ಈಗ ನಾವು ಹದಿನಾಲ್ಕು ಜನ. ತಾಸಿನ ದರ ಪ್ರತಿ ಯುಗಾದಿಗೆ ಏರುತ್ತದೆ. ಹೊಸ ಚಿತ್ರಗಳು ಒಂಬತ್ತು. ಆಟೋ ಕಟ್ಟಿದವಳು ಇನ್ನೊಂದನ್ನು ಮುಗಿಸಿದ್ದಾಳೆ. ಅದು ಏನೆಂದು ಇಲ್ಲಿ ಬರೆಯುವಂತಿಲ್ಲ. ಅರ್ಜಿಯ ಕಾಗದಗಳು ಸಿದ್ಧವಾಗುತ್ತಿವೆ. ಅಲ್ಲಿಯವರೆಗೆ ಆ ತುಂಡು ನನ್ನ ಕಪಾಟಿನಲ್ಲಿ ಹಳೆಯ ಚಂದ್ರಕಾಳಿಯ ಮಡಿಕೆಯೊಳಗೆ ಇದೆ. ಫೋಟೋ ತೆಗೆದಿಲ್ಲ, ಅವಳ ಮಗನಿಗೂ ತೋರಿಸಿಲ್ಲ. ಮಾವಶಿ ಮಾತ್ರ ನೋಡಿದ್ದಾರೆ. ನೋಡಿದವರೇ ಬೆರಳೆತ್ತಿ, ಗಾಳಿಯಲ್ಲಿ ಅದರ ದಾರಿಯನ್ನು ಎರಡು ಸಲ ನಡೆದು, "ಬರುವಾಗ ಎಡಗಡೆಯಿಂದ ಬಂದಿದ್ದಾಳೆ, ನನಗೆ ಹೊಳೆಯುತ್ತಿರಲಿಲ್ಲ" ಎಂದರು.