ಮೆಟ್ಟಿಲ ಲೆಕ್ಕ ಹಾಕಿ ಅತ್ತೆ-ಮಾವನಿಗೆ ಹಂಪಿ, ಬಾದಾಮಿ ತೋರಿಸಿದ್ದು

ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಬೆಂಗಳೂರಿನಿಂದ ಕಾರಿನಲ್ಲೇ ಹೊರಟು ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ ನೋಡಿಕೊಂಡು ಬಂದೆವು. ಮಾವನಿಗೆ ಎಪ್ಪತ್ತೈದು ದಾಟಿದೆ, ಎಡ ಮಂಡಿ ಸರಿಯಿಲ್ಲ. ಅತ್ತೆಗೆ ಶುಗರ್. "ಈ ವಯಸ್ಸಲ್ಲಿ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ, ಧರ್ಮಸ್ಥಳಕ್ಕೆ ಹೋಗಿ ಬನ್ನಿ ಸಾಕು" ಅಂತ ಓರಗಿತ್ತಿ ಅಂದಿದ್ದರು. ನಾದಿನಿಯಂತೂ ಫೋನ್ ಮೇಲೆ ಫೋನ್ ಮಾಡಿ ಬೇಡ ಅಂದಳು. ಈಗ ಇಬ್ಬರೂ ಪ್ಲಾನ್ ಕೊಡು ಅಂತ ಕೇಳುತ್ತಿದ್ದಾರೆ.

ಅವರು ಹೆದರಿದ್ದಕ್ಕೂ ಕಾರಣ ಇತ್ತು. ಹಿಂದೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ತುರುಕಿದ್ದ ಪ್ಯಾಕೇಜಿನಲ್ಲಿ ಹೋಗಿದ್ದೆವು. ವಿಂಧ್ಯಗಿರಿಯ ಬುಡ ತಲುಪಿದಾಗ ನಡು ಮಧ್ಯಾಹ್ನ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು, ಕಾದ ಬಂಡೆ. ಮಾವ ಅರ್ಧದಲ್ಲೇ ಕೂತರು, ಅತ್ತೆಯೂ ಕೂತರು. ಮೇಲೆ ಹೋದವರಿಗೆ ಗೊಮ್ಮಟನನ್ನು ನೋಡುವ ಮನಸ್ಸಿರಲಿಲ್ಲ, ಕೆಳಗೆ ಕೂತವರದ್ದೇ ಯೋಚನೆ. ಹದಿನೈದು ಸಾವಿರದ ಹತ್ತಿರ ಕೊಟ್ಟಿದ್ದೆವು. ಮಾವ ವಾರ ಪೂರ್ತಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡರು. ಇನ್ನೊಂದು ಸಲ ಸೋಮನಾಥಪುರ, ಶ್ರೀರಂಗಪಟ್ಟಣಕ್ಕೆ ಟೆಂಪೋ ಟ್ರಾವೆಲರ್ ಮಾಡಿಕೊಂಡೆವು. ಡ್ರೈವರ್ ದೇವಸ್ಥಾನದ ಹತ್ತಿರ ಗಡಿಯಾರ ನೋಡುತ್ತಿದ್ದ, ರೇಷ್ಮೆ ಅಂಗಡಿ ಮುಂದೆ ಮಾತ್ರ ಆರಾಮಾಗಿ ಗಾಡಿ ನಿಲ್ಲಿಸುತ್ತಿದ್ದ. ಅಲ್ಲೂ ದುಡ್ಡು ಹೋಯಿತು, ಮುಕ್ಕಾಲು ಪಾಲು ನೋಡಲೇ ಇಲ್ಲ.

ಈ ಸಲ ಕಿಲೋಮೀಟರ್ ಲೆಕ್ಕ ಪಕ್ಕಕ್ಕಿಟ್ಟು ಮೆಟ್ಟಿಲ ಲೆಕ್ಕ ಹಾಕಿದೆ. ದಿನಕ್ಕೆ ಹತ್ತುವ ಜಾಗ ಒಂದೇ, ಅದೂ ಬೆಳಿಗ್ಗೆ ಬಿಸಿಲೇರುವ ಮೊದಲು. ಮಿಕ್ಕಿದ್ದೆಲ್ಲ ಸಮತಟ್ಟಾದ ಜಾಗ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ ತನಕ ಊಟ, ನಿದ್ದೆ, ಇಲ್ಲವೇ ಎಸಿ ಹಾಕಿಕೊಂಡು ಪ್ರಯಾಣ. ಹೋಗುವ ದಾರಿಯಲ್ಲೇ ಇರುವ ಚಿತ್ರದುರ್ಗದ ಕೋಟೆಯನ್ನು ಹೀಗೇ ಕೈಬಿಟ್ಟೆ. ಒನಕೆ ಓಬವ್ವನ ಕಿಂಡಿ ನೋಡಬೇಕು ಅಂತ ಮಗಳು ಮುಖ ಊದಿಸಿಕೊಂಡಳು. ಮೊದಲ ದಿನವೇ ಮಂಡಿ ಕೆಟ್ಟರೆ ಮಿಕ್ಕ ದಿನಗಳೆಲ್ಲ ಲಾಡ್ಜಿನಲ್ಲೇ ಅಲ್ವಾ?

ಹಂಪಿಗೆ ಹೊಸಪೇಟೆಯಲ್ಲಿ ಉಳಿದೆವು. ವಿಜಯ ವಿಠ್ಠಲ ದೇವಸ್ಥಾನಕ್ಕೆ ಕಾರು ಹತ್ತಿರ ಹೋಗಲ್ಲ, ಬ್ಯಾಟರಿ ಗಾಡಿ ಹತ್ತಬೇಕು. ತಡವಾದರೆ ಕ್ಯೂ ಬೆಳೆಯುತ್ತದೆ, ಹಾಗಾಗಿ ಮೊದಲು ಅದನ್ನೇ ಮುಗಿಸಿ. ಅಲ್ಲಿನ ಟಿಕೆಟ್ಟೇ ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ, ಬಿಸಾಡಬೇಡಿ. ಮಾವ ಲೋಕೋಪಯೋಗಿ ಇಲಾಖೆಯಲ್ಲಿ ಇದ್ದವರು. ಕಲ್ಲಿನ ರಥದ ಮುಂದೆ ಎರಡು ನಿಮಿಷ ನಿಂತರು ಅಷ್ಟೇ. ಸಂಜೆ ಮೆಟ್ಟಿಲ ಪುಷ್ಕರಣಿಯ ಹತ್ತಿರ, ಕಂಬಗಳ ಮೇಲೆ ಹಾದು ಬರುವ ಕಲ್ಲಿನ ಕಾಲುವೆ ಸಿಕ್ಕಿತು ನೋಡಿ, ಅಲ್ಲಿಂದ ಕದಲಲೇ ಇಲ್ಲ. ಒಂದು ಕಣ್ಣು ಮುಚ್ಚಿ ಅದರ ಇಳಿಜಾರು ಅಳೆಯುತ್ತಿದ್ದರು. ಮಹಾನವಮಿ ದಿಬ್ಬ ಹತ್ತಲು ಮಕ್ಕಳನ್ನು ಕಳಿಸಿ ಅವರನ್ನು ಅಲ್ಲೇ ಬಿಟ್ಟೆ. ಹಿರಿಯರಿಗೂ ಮಕ್ಕಳಿಗೂ ಬೇರೆ ಬೇರೆ ಜಾಗ ಕೊಡಬೇಕು. ಎಲ್ಲರೂ ಎಲ್ಲವನ್ನೂ ನೋಡಬೇಕಿಲ್ಲ.

ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ಸಣ್ಣ ಕಿಂಡಿಯಿಂದ ತಲೆಕೆಳಗಾಗಿ ಗೋಡೆ ಮೇಲೆ ಬೀಳುತ್ತದಲ್ಲ, ಮಗ ಅದನ್ನು ರೂಮಿನಲ್ಲಿ ಮಾಡಿ ನೋಡಿದ. ಕಿಟಕಿಗೆ ರಟ್ಟು ಮುಚ್ಚಿ ಪೆನ್ಸಿಲ್ ತುದಿಯಷ್ಟು ತೂತು. ಮೊದಲು ಏನೂ ಕಾಣಲಿಲ್ಲ. ಬಾಗಿಲ ಸಂದಿಗೆ ಟವೆಲ್ ತುರುಕಿ ಪೂರ್ತಿ ಕತ್ತಲೆ ಮಾಡಿದ ಮೇಲೆ ಎದುರಿನ ತೆಂಗಿನ ಮರ ಉಲ್ಟಾ ಆಗಿ ಗೋಡೆ ಮೇಲೆ ಬಂತು. ಅತ್ತೆ ಮಂಚದ ಮೇಲಿಂದಲೇ ಕೈಮುಗಿದರು.

ಹೊಸಪೇಟೆಯಿಂದ ಕುಷ್ಟಗಿ, ಇಳಕಲ್, ಹುನಗುಂದ, ಅಮೀನಗಡದ ಮೇಲೆ ಐಹೊಳೆಗೆ ಹೋದೆವು. ಇಳಕಲ್ಲಿನಲ್ಲಿ ಸೀರೆಗೆ ನಾಲ್ಕು ಸಾವಿರ, ಅಮೀನಗಡದಲ್ಲಿ ಕರದಂಟಿಗೆ ಏಳೆಂಟು ನೂರು. ಇದು ಪ್ಲಾನಿನಲ್ಲಿ ಇರಲಿಲ್ಲ, ಆದರೆ ಅತ್ತೆಯ ಮುಖ ನೋಡಿದ ಮೇಲೆ ಮುಂದಿನ ಸಲ ಪ್ಲಾನಿಗೇ ಸೇರಿಸುತ್ತೇನೆ. ಐಹೊಳೆಯ ದುರ್ಗ ಗುಡಿ, ಲಾಡ್ ಖಾನ್ ಗುಡಿ ಎರಡೂ ಸಮತಟ್ಟು ಅಂಗಳದಲ್ಲಿವೆ. ಮೇಗುಟಿ ಅನ್ನೋ ಜೈನ ಬಸದಿ ಗುಡ್ಡದ ಮೇಲಿದೆ. 634ರ ರವಿಕೀರ್ತಿಯ ಶಾಸನ ನೋಡಲು ಗಂಡ, ಮಗ ಇಬ್ಬರೇ ಹತ್ತಿ ವಿಡಿಯೋ ಮಾಡಿಕೊಂಡು ಬಂದರು.

ಹಿರಿಯರಿಗೆ ಪಟ್ಟದಕಲ್ಲಿನಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಹುಲ್ಲುಹಾಸು, ನೆರಳು, ಪಕ್ಕದಲ್ಲೇ ಮಲಪ್ರಭೆ. ಇಲ್ಲಿ ಗೈಡ್ ಮಾಡಲಿಲ್ಲ, ಕಂಬಗಳನ್ನು ಅತ್ತೆಗೆ ಬಿಟ್ಟೆ. ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣ, ಮಹಾಭಾರತ ತುಂಬಿದೆ. ಅತ್ತೆ ಒಂದು ಕಂಬದ ಮುಂದೆ ನಿಂತು, "ಬನ್ರೋ ಇಲ್ಲಿ, ಜಟಾಯು!" ಅಂದರು. ಆಮೇಲೆ ಮಕ್ಕಳು ಅವರನ್ನು ಬಿಡಲಿಲ್ಲ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು ಅಂದೆ. "ಹೆಂಗಸು ಕಟ್ಟಿಸಿದ್ದಾ! ಅದಕ್ಕೇ ಇಷ್ಟು ಅಚ್ಚುಕಟ್ಟು" ಅಂದರು. ಮಾವ ಅಷ್ಟರಲ್ಲಿ ಹೊರಗಿನ ಗೋಡೆಯ ಎರಡು ಕಲ್ಲುಗಳ ನಡುವೆ ಉಗುರು ತೂರಿಸಲು ನೋಡುತ್ತಿದ್ದರು. ಹೋಗಲಿಲ್ಲ. ಗಾರೆಯೂ ಇಲ್ಲ. ನನ್ನನ್ನು ಕರೆದು ನನ್ನ ಉಗುರನ್ನೂ ಇಡಿಸಿದರು.

ಬಾದಾಮಿಯೇ ಹತ್ತುವ ಜಾಗ. ಮೊದಲನೇ ಗುಹೆಯ ಹದಿನೆಂಟು ಕೈಯ ನಟರಾಜ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಮಡಚುವ ಸ್ಟೂಲು ಹಿಡಿದುಕೊಂಡು ಗಂಡ ಮುಂದೆ, ನಾನು ಹಿಂದೆ, ಕೂತು ಕೂತು ಹತ್ತಿ ಮಾವ ಮೂರನೇ ಗುಹೆ ತನಕ ಬಂದರು! 578ರಲ್ಲಿ ಮಂಗಲೇಶ ಮಾಡಿಸಿದ್ದು ಅದು. ಸ್ಟೂಲಿಗೆ ಕೊಟ್ಟಿದ್ದು ಐನೂರು ಚಿಲ್ಲರೆ. ಕೈಯಲ್ಲಿ ಕವರ್ ಹಿಡಿಯಬೇಡಿ, ಮಂಗಗಳು ಬಿಡಲ್ಲ. ಇಳಿದ ಮೇಲೆ ಬನಶಂಕರಿ ದರ್ಶನ, ಅಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು. ಬನದ ಹುಣ್ಣಿಮೆ ಜಾತ್ರೆ ಹೊತ್ತಲ್ಲಿ ಮಾತ್ರ ರೂಮು ಸಿಗೋದು ಕಷ್ಟ.

ದುಡ್ಡಿನ ವಿಷಯಕ್ಕೆ ನಮ್ಮಲ್ಲಿ ಪ್ರತಿ ಕೌಂಟರಿನಲ್ಲೂ ಜಗಳ. ಸೊಸೆ ಕೊಡಬಾರದು ಅಂತ ಮಾವ, ಅಪ್ಪ ಕೊಡಬಾರದು ಅಂತ ಗಂಡ. ಈ ಸಲ ಹೊರಡುವ ಮೊದಲೇ ಮೂವರೂ ಹಾಕಿ ಮೂವತ್ತೈದು ಸಾವಿರ ಅತ್ತೆಯ ಪರ್ಸಿಗೆ ಕೊಟ್ಟೆವು. ಎಲ್ಲ ಕಡೆ ಅತ್ತೆಯೇ ಕೊಟ್ಟರು, ಚೌಕಾಸಿಯೂ ಅವರದ್ದೇ. ಪೆಟ್ರೋಲು ಒಂಬತ್ತು ಸಾವಿರದ ಹತ್ತಿರ, ರೂಮುಗಳಿಗೆ ಹದಿಮೂರೋ ಹದಿನಾಲ್ಕೋ, ಊಟ-ತಿಂಡಿಗೆ ಏಳು, ಟೋಲು, ಟಿಕೆಟ್ಟು ಎಲ್ಲ ಸೇರಿ ಎರಡು ಎರಡೂವರೆ. ಸೀರೆ, ಕರದಂಟು ಮಾವನ ಜೇಬಿನದ್ದು. ಪರ್ಸಿನಲ್ಲಿ ಎರಡು ಸಾವಿರ ಚಿಲ್ಲರೆ ಉಳಿಯಿತು.

ರಜೆಯಲ್ಲಿ ಎಂಟಕ್ಕೆ ಏಳುವ ಮಾವ ಆರಕ್ಕೆಲ್ಲ ಸ್ನಾನ ಮುಗಿಸಿ ಕಾರಿನ ಹತ್ತಿರ ನಿಲ್ಲುವಂತೆ ಹೇಗೆ ಮಾಡಿದೆ ಅನ್ನೋದನ್ನು ಮಾತ್ರ ಬರೆಯಲ್ಲ, ಅದು ಇನ್ನೂ ಬೇಕಾಗುತ್ತದೆ. ಬಾದಾಮಿಯಲ್ಲಿ ನೆಲ ಅಂತಸ್ತಿನ ರೂಮು ಕೊಟ್ಟವರ ನಂಬರ್ ಕೂಡ ಓರಗಿತ್ತಿಗೆ ಕೊಟ್ಟಿಲ್ಲ. ಮಳೆ ಮುಗಿದ ಮೇಲೆ ಬೇಲೂರು, ಹಳೇಬೀಡಿಗೆ ಹೊರಡುತ್ತಿದ್ದೇವೆ, ದಿನಕ್ಕೊಂದೇ ಊರು. ವಿಂಧ್ಯಗಿರಿಗೆ ಡೋಲಿ ವಿಚಾರಿಸು ಅಂತ ಮಾವನೇ ಹೇಳಿದ್ದಾರೆ.