ಅಮೆರಿಕದ ಶಾಲೆಯಲ್ಲಿ ಮಗು ಓದಲು ತಡವರಿಸಿದರೆ: ಮಂಗಳೂರು–ಉಡುಪಿಯಿಂದ ಹೊರಟವರಿಗೆ

ಓದಲು ತಡವರಿಸುವ ಮಗುವಿಗೆ ನಮ್ಮೂರಲ್ಲಿ ಮೊದಲು ಬೀಳುವ ಹೆಸರು "ಉದಾಸೀನ". ಇಲ್ಲಿಗೆ ಬಂದರೆ ಇನ್ನೊಂದು ಮಾತು ಕಾದಿರುತ್ತದೆ: "ಮನೆಯಲ್ಲಿ ತುಳು, ಕನ್ನಡ ಮಾತಾಡ್ತೀರಲ್ಲ, ಇಂಗ್ಲಿಷ್ ಬಂದರೆ ಸರಿಹೋಗ್ತದೆ." ಎರಡನ್ನೂ ನಂಬಿ ವರ್ಷ ಕಳೆಯಬೇಡಿ.

ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಟಿ.ಸಿ., ಮಾರ್ಕ್ಸ್ ಕಾರ್ಡಿನ ಜೊತೆಗೆ ಮಗು ತಾನೇ ಬರೆದ ಎರಡು ನೋಟ್ಸ್ ಪುಸ್ತಕಗಳೂ ಬರಲಿ. ಕನ್ನಡ ಓದುವಾಗಲೂ ದೀರ್ಘ, ಒತ್ತಕ್ಷರ ತಪ್ಪುತ್ತಿದ್ದರೆ ಅದು ದೊಡ್ಡ ಸುಳಿವು. ತೊಂದರೆ ಬರೀ ಇಂಗ್ಲಿಷಿನದಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಪುರಾವೆ ಸಿಗದು. ಸ್ಪೀಚ್ ಥೆರಪಿ ವರದಿ ಇದ್ದರೆ ಅದೂ ಇರಲಿ. ಇಲ್ಲಿಯ ಶಾಲೆ ಅದನ್ನು ಪರಿಗಣಿಸುತ್ತದೆ, ಆದರೆ ಸ್ವಂತ ಪರೀಕ್ಷೆಯನ್ನೂ ಮಾಡುತ್ತದೆ.

ಸ್ಕ್ರೀನಿಂಗ್, ಅಂದರೆ ಓದಿನ ತೊಂದರೆಯ ಸುಳಿವು ಇದೆಯೇ ಎಂದು ಶಾಲೆ ನಡೆಸುವ ಚಿಕ್ಕ ಪರೀಕ್ಷೆ, ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಕ್ಯಾಲಿಫೋರ್ನಿಯಾ 2023ರಲ್ಲಿ ಮಾಡಿದ ಕಾನೂನಿನಂತೆ 2025–26ರಿಂದ ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿವರೆಗೆ ವರ್ಷಕ್ಕೊಮ್ಮೆ. ಮ್ಯಾಸಚೂಸೆಟ್ಸ್‌ನಲ್ಲಿ ಮೂರನೆಯವರೆಗೆ ವರ್ಷಕ್ಕೆ ಎರಡು ಸಲ. ಒಂದು ನಿಮಿಷದಲ್ಲಿ ಅರ್ಥವಿಲ್ಲದ ಪದಗಳನ್ನು ಓದಿಸುವುದು ಇದರಲ್ಲಿ ಸಾಮಾನ್ಯ. ಎಲ್‌ಕೆಜಿಯಿಂದಲೇ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿದ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ, ಯಾಕೆಂದರೆ ನೆನಪು ಕೆಲಸಕ್ಕೆ ಬರುವುದಿಲ್ಲ, ಅಕ್ಷರವನ್ನು ಸದ್ದಾಗಿಸಲು ಬರಬೇಕು. ಇನ್ನೊಂದು: ನಮಗೆ ಇರುವುದು ಒಂದೇ "ವ". ವಿ, ಡಬ್ಲ್ಯು ಒಂದೇ ಥರ ಕೇಳಿಸಿದರೆ ಅದು ಮನೆಭಾಷೆಯ ಉಚ್ಚಾರ ಎಂದು ಟೀಚರಿಗೆ ಮೊದಲೇ ಹೇಳಿ. ಅಂಕ ಕಡಿಮೆ ಬಂತೆಂದರೆ ಡಿಸ್ಲೆಕ್ಸಿಯಾ (ಓದು, ಸ್ಪೆಲ್ಲಿಂಗ್ ಕಷ್ಟವಾಗುವ ಕಲಿಕಾ ನ್ಯೂನತೆ) ಇದೆ ಎಂದಲ್ಲ. ಮುಂದೆ ನೋಡಬೇಕು ಎಂದಷ್ಟೇ.

ಮುಂದೆ ನೋಡಿಸುವ ಹಕ್ಕು ಕೊಡುವುದು ಐಡಿಇಎ ಎಂಬ, ನ್ಯೂನತೆಯುಳ್ಳ ಮಕ್ಕಳ ಶಿಕ್ಷಣಕ್ಕಾಗಿ ಇರುವ ಅಮೆರಿಕದ ಕೇಂದ್ರ ಕಾನೂನು. ಸರ್ಕಾರಿ ಶಾಲೆಯಲ್ಲಿ ಖರ್ಚಿಲ್ಲ, ವೀಸಾ ಯಾವುದೆಂಬುದು ಲೆಕ್ಕಕ್ಕಿಲ್ಲ. ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಗೇಟಿನ ಹತ್ತಿರ ಟೀಚರಿಗೆ ಬಾಯಲ್ಲಿ ಹೇಳಿ ಬರುತ್ತಾರೆ. ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ. ಮಗುವಿನ ಹೆಸರು, ತರಗತಿ, ಕಂಡ ತೊಂದರೆ ಮೂರು ಸಾಲು, "ಡಿಸ್ಲೆಕ್ಸಿಯಾ ಸೇರಿ ಕಲಿಕಾ ನ್ಯೂನತೆಗೆ ಐಡಿಇಎ ಪ್ರಕಾರ ಪೂರ್ಣ ಮೌಲ್ಯಮಾಪನ ಮಾಡಿ" ಎಂಬ ಸಾಲು, ತಾರೀಕು. ಸಾಕು. ಆದರೆ ಮೌಲ್ಯಮಾಪನದ ಗಡಿಯಾರ ಓಡುವುದು ಇಮೇಲಿನಿಂದಲ್ಲ, ಶಾಲೆ ಕಳಿಸುವ ಒಪ್ಪಿಗೆ ಪತ್ರಕ್ಕೆ ನೀವು ಸಹಿ ಹಾಕಿಕೊಟ್ಟ ದಿನದಿಂದ: ರಾಜ್ಯದ್ದೇ ಗಡುವು ಇಲ್ಲದಿದ್ದರೆ 60 ದಿನ, ಟೆಕ್ಸಾಸ್‌ನಲ್ಲಿ 45 ಶಾಲಾದಿನ. ಆ ಕಾಗದವನ್ನು ಬ್ಯಾಗಿನಲ್ಲೇ ಮರೆತರೆ ಗಡುವೂ ಬ್ಯಾಗಿನಲ್ಲೇ.

"ಮೊದಲು ವಿಶೇಷ ಓದಿನ ಗುಂಪಿನಲ್ಲಿ ಕೂರಿಸಿ ನೋಡೋಣ" ಎಂದರೆ ಬೇಡ ಅನ್ನಬೇಡಿ, ಮೌಲ್ಯಮಾಪನವೂ ಜೊತೆಗೇ ನಡೆಯಲಿ ಎನ್ನಿ. ಅಂಥ ಗುಂಪಿನ ನೆಪದಲ್ಲಿ ಅದನ್ನು ಮುಂದೂಡಬಾರದೆಂದು ಕೇಂದ್ರ ಶಿಕ್ಷಣ ಇಲಾಖೆ 2011ರಲ್ಲೇ ತಿಳಿಸಿದೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ; ಕೊಡಲೇಬೇಕು. ಸಭೆಗೆ ಕನ್ನಡ ದುಭಾಷಿ ಬೇಕಿದ್ದರೆ ವಾರ ಮುಂಚೆ ಕೇಳಿ, ದೊಡ್ಡ ಮಗನನ್ನು ದುಭಾಷಿ ಮಾಡಬೇಡಿ ಮಾರಾಯ್ರೆ.

ಮಗು ಅರ್ಹ ಎಂದಾದರೆ 504 ಯೋಜನೆ (ತರಗತಿಯಲ್ಲಿ ಕೊಡುವ ಅನುಕೂಲಗಳ ಪಟ್ಟಿ), ಐಇಪಿ (ಆ ಮಗುವಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ) ಎರಡರ ಹೆಸರೂ ಕೇಳಿಬರುತ್ತದೆ. 504ರಲ್ಲಿ ಹೆಚ್ಚಾಗಿ ಸಿಗುವುದು ಹೆಚ್ಚು ಸಮಯ, ಓದಿ ಹೇಳುವ ಸೌಲಭ್ಯ. ಓದು ಕಲಿಸುವ ವಿಶೇಷ ಪಾಠ ಬೇಕಿದ್ದರೆ ಐಇಪಿಯೇ ಬೇಕು. ಅದರಲ್ಲಿ "ಓದಿಗೆ ನೆರವು" ಎಂದಷ್ಟೇ ಬರೆದಿದ್ದರೆ ಸಹಿಗೆ ಅವಸರ ಬೇಡ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ, ಗುಂಪಿನಲ್ಲಿ ಎಷ್ಟು ಮಕ್ಕಳು, ಫೋನಿಕ್ಸ್ (ಅಕ್ಷರಕ್ಕೆ ಸದ್ದು ಜೋಡಿಸಿ ಓದುವುದು) ಕ್ರಮವಾಗಿ ಕಲಿಸಲು ತರಬೇತಿ ಪಡೆದವರು ಯಾರು, ಇದೆಲ್ಲ ಕೇಳಿ. ಚಿತ್ರ ನೋಡಿ ಪದ ಊಹಿಸಲು ಹೇಳುವ ಪಾಠವಾದರೆ ಪ್ರಶ್ನಿಸಿ. ಇಂಡಿಯಾನಾ, ಓಹಾಯೊ ಅದಕ್ಕೆ 2023ರಲ್ಲಿ ಕಾನೂನಿನಿಂದಲೇ ತಡೆ ಹಾಕಿವೆ.

ಮೂರನೇ ತರಗತಿಗೆ ಬರುವವರು ಓದು ಬಾರದ ಮಗುವನ್ನು ಅದೇ ತರಗತಿಯಲ್ಲಿ ಉಳಿಸುವ ನಿಯಮ ನಿಮ್ಮ ರಾಜ್ಯದಲ್ಲಿ ಉಂಟೇ ಎಂದು ಮೊದಲ ವಾರವೇ ವಿಚಾರಿಸಿ. ಮಿಸಿಸಿಪ್ಪಿಯ 2013ರ ಕಾನೂನಿನಂತೆ ಓದಿನ ಪರೀಕ್ಷೆ ದಾಟದ ಮಗು ನಾಲ್ಕಕ್ಕೆ ಹೋಗುವುದಿಲ್ಲ. ಇಂಗ್ಲಿಷ್ ಕಲಿಯುವವರ ಪಾಠ ಸಿಕ್ಕಿ ಎರಡು ವರ್ಷ ಆಗದವರಿಗೆ ಅಲ್ಲಿ ವಿನಾಯಿತಿ ಉಂಟು. ಸೇರಿಸುವಾಗ ಮನೆಭಾಷೆಯ ಫಾರ್ಮಿನಲ್ಲಿ ತುಳು, ಕೊಂಕಣಿ, ಬ್ಯಾರಿ ಏನಿದ್ದರೂ ಹಾಗೆಯೇ ಬರೆಯಿರಿ. ಅಂತಸ್ತಿಗಾಗಿ ಇಂಗ್ಲಿಷ್ ಎಂದು ಬರೆದವರ ಮಕ್ಕಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಕಲಿಯುವವರ ಪಟ್ಟಿಗೇ ಸೇರಿಸುವುದಿಲ್ಲ.