ಕಲ್ಲಾದ ನಾಳ: ಡಯಾಲಿಸಿಸ್ ಕೊಠಡಿಯಲ್ಲಿ ನಾನು ಕಲಿತದ್ದು

ಅಜ್ಜಿಯ ಎಡಗೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳ ಸೇರಿಸಿ ಮಾಡಿದ ಜೋಡಣೆ, ಇತ್ತು. ಬಲಗೈ ಮುರಿದು ಪ್ಲಾಸ್ಟರ್ ಹಾಕಿದ್ದರು. ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ, ಹಾಗಾಗಿ ಕಾಲಿಗೆ ಕಟ್ಟಿದೆ. ಪಾದದ ಮೇಲೆ ಬೆರಳಿಟ್ಟು ನಾಡಿ ಹಿಡಿದುಕೊಂಡು ಪಂಪ್ ಒತ್ತುತ್ತಾ ಹೋದೆ. 180, 200, 220. ನಾಡಿ ನಿಲ್ಲಲಿಲ್ಲ. 250 ಮುಟ್ಟಿದರೂ ಬೆರಳ ಕೆಳಗೆ ಬಡಿಯುತ್ತಲೇ ಇತ್ತು. ಪಟ್ಟಿ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದೆ. ಅದರಲ್ಲೂ ಅಷ್ಟೇ. ರೌಂಡ್ಸಿಗೆ ಬಂದ ಡಾಕ್ಟರು ಪಾದ ಮುಟ್ಟಿ ನೋಡಿ, "ಬಿಪಿ 250 ಇಲ್ಲಮ್ಮ. ರಕ್ತನಾಳ ಕಲ್ಲಾಗಿದೆ, ಒತ್ತಿದರೂ ಮುಚ್ಚುತ್ತಿಲ್ಲ" ಅಂದರು.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಹಾಸನದ ಕಡೆಯ ಒಂದು ತಾಲೂಕು ಊರಿನಲ್ಲಿ ಹದಿಮೂರು ವರ್ಷದಿಂದ ಇದೇ ಕೆಲಸ. ಆವತ್ತಿನವರೆಗೆ ನನ್ನ ಗಮನವೆಲ್ಲ ಯಂತ್ರದ ಮೇಲೆ. ರಕ್ತ ಸರಿಯಾಗಿ ಹರಿಯುತ್ತಿದೆಯೇ, ಎಷ್ಟು ನೀರು ತೆಗೆಯಬೇಕು, ಕಿಡ್ನಿ ಹೊರಹಾಕಬೇಕಾದ ಕಲ್ಮಶ ಕ್ರಿಯಾಟಿನಿನ್ ಎಷ್ಟಕ್ಕೆ ಇಳಿಯಿತು, ಅಷ್ಟೇ. ಕಿಡ್ನಿ ಕೆಟ್ಟವರನ್ನು ಕೊಂಡೊಯ್ಯುವುದರಲ್ಲಿ ಮುಂದಿರುವುದು ಹೃದಯ ಅನ್ನುವುದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣಿಗೆ ಕಟ್ಟಿರಲಿಲ್ಲ.

ಕಣ್ಣಿಗೆ ಕಟ್ಟಿಸಿದ್ದು ಅದೇ ವರ್ಷ ತೀರಿಕೊಂಡ ಒಬ್ಬ ಆಟೋ ಚಾಲಕ. ವಯಸ್ಸು ಮೂವತ್ನಾಲ್ಕು. ಮಂಗಳವಾರ, ಗುರುವಾರ, ಶನಿವಾರದ ಬ್ಯಾಚು. ಸೋಮವಾರ ರಾತ್ರಿ ಊಟ ಮಾಡಿ ಮಲಗಿದವನು ಬೆಳಗ್ಗೆ ಏಳಲಿಲ್ಲ. ಎರಡು ವಾರ ಮುಂಚೆ ಸೊಂಟನೋವಿಗೆಂದು ಪಕ್ಕದಿಂದ ತೆಗೆಸಿದ ಎಕ್ಸ್‌ರೇ ಅವನ ಫೈಲಿನಲ್ಲೇ ಇತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಮುಂದೆ, ಸುಣ್ಣದ ಕಡ್ಡಿಯಲ್ಲಿ ಗೀಚಿದ ಹಾಗೆ, ಎರಡು ಬಿಳಿ ಗೆರೆ. ಅದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಮಹಾಪಧಮನಿಯ, ಗೋಡೆ. ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಿಸುವುದಿಲ್ಲ. ಮೂಳೆಯ ಹಾಗೆ ಕಾಣಿಸುತ್ತಿದೆ ಅಂದರೆ ಅಲ್ಲಿ ಮೂಳೆಯಂಥದ್ದೇ ಬೆಳೆದಿದೆ. ಡಯಾಲಿಸಿಸ್ ಮೇಲಿರುವ ಇಪ್ಪತ್ತೈದು ಮೂವತ್ತರ ಹುಡುಗರಿಗೂ ಹೃದಯದಿಂದ ಸಾಯುವ ಅಪಾಯ ಎಂಬತ್ತರ ಆಸುಪಾಸಿನ ಸಾಮಾನ್ಯ ಜನರಷ್ಟು ಎಂದು ಅಮೆರಿಕದ ಅಂಕಿಅಂಶ 1998ರಲ್ಲೇ ತೋರಿಸಿತ್ತು. ಆ ಮಾತಿನ ಅರ್ಥ ನನಗೆ ಆ ಎರಡು ಗೆರೆ ನೋಡಿದಾಗ ಆಯಿತು.

ನಾಳ ಕೆಡುವುದು ಎರಡು ಬಗೆ. ಒಳಪದರದಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುವುದು ಎಲ್ಲರಿಗೂ ಗೊತ್ತಿರುವ ಬಗೆ. ಸಕ್ಕರೆ ಕಾಯಿಲೆ, ಬೀಡಿ, ಬಿಪಿ ಇದ್ದವರಿಗೆ ಹೆಚ್ಚಾಗಿ ಬರುತ್ತದೆ. ಕಿಡ್ನಿ ಕೆಟ್ಟವರಲ್ಲಿ ಇದರ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಬೋರ್‌ವೆಲ್ ನೀರಿನಿಂದ ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುವಂತೆ ಅಂತ ನಾನು ಮೊದಲು ರೋಗಿಗಳಿಗೆ ಹೇಳುತ್ತಿದ್ದೆ, ಅದು ತಪ್ಪು. ಇದು ಒಳಗಡೆ ಬಂದು ಅಂಟುವುದಲ್ಲ, ಗೋಡೆಯ ನಡುಪದರವೇ ಗಟ್ಟಿಯಾಗುವುದು. ರಕ್ತದಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚಾಗಿ ನಿಂತರೆ ಆ ಪದರದ ಸ್ನಾಯುಕೋಶಗಳು ತಮ್ಮ ಗುಣ ಬಿಟ್ಟು ಮೂಳೆ ಕಟ್ಟುವ ಕೋಶಗಳಂತೆ ನಡೆದುಕೊಳ್ಳತೊಡಗುತ್ತವೆ. ಹಿಗ್ಗಿ ಕುಗ್ಗಬೇಕಾದ ನಾಳ ಕೊಳವೆಯಾಗುತ್ತದೆ. ಆಗ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. 180ಕ್ಕೆ 60 ಅಂತ ನನ್ನ ಪುಸ್ತಕದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಕೆಳಗಿನದು ಕಡಿಮೆ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೂ ಇದ್ದೇನೆ. ಆದರೆ ಹೃದಯದ ಸ್ನಾಯುವಿಗೆ ರಕ್ತ ಸಿಗುವುದೇ ಮುಖ್ಯವಾಗಿ ಆ ಕೆಳಗಿನ ಒತ್ತಡದ ಹೊತ್ತಿನಲ್ಲಿ, ಅಂದರೆ ಎರಡು ಬಡಿತದ ನಡುವೆ ಅದು ಸಡಿಲವಾದಾಗ. ದುಡಿಮೆ ಹೆಚ್ಚು, ಊಟ ಕಡಿಮೆ ಎಂಬ ಸ್ಥಿತಿ ಅದರದು.

ಆಮೇಲೆ ನಾನು ಒಂದು ಲೆಕ್ಕ ಹಾಕಿದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವ ಫಾಸ್ಫರಸ್ ಸುಮಾರು 800 ಮಿಲಿಗ್ರಾಂ. ವಾರಕ್ಕೆ ಮೂರು ಸಲ ಬಂದರೆ 2,400. ಸಾಧಾರಣ ಊಟದಿಂದ ದಿನಕ್ಕೆ 600 ಮಿಲಿಗ್ರಾಂನಷ್ಟು ಮೈಗೆ ಸೇರುತ್ತದೆ, ವಾರಕ್ಕೆ 4,200. ಉಳಿದ 1,800 ಎಲ್ಲಿಗೆ ಹೋಗಬೇಕು? ಬಸ್ಸಿನ ಖರ್ಚಿಗೆ ಹೆದರಿ ವಾರಕ್ಕೆ ಎರಡೇ ಸಲ ಬರುವವರ ಲೆಕ್ಕ ಇನ್ನೂ ಕೆಟ್ಟದ್ದು. ಯಂತ್ರವನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ ಈ ಕೊರತೆ ನನ್ನಿಂದ ತುಂಬದು. ಅದು ತುಂಬಬೇಕಾದ್ದು ಊಟದ ತಟ್ಟೆಯ ಮುಂದೆ.

ಅದಕ್ಕೆಂದೇ ಡಾಕ್ಟರು ಎಲ್ಲರಿಗೂ ಫಾಸ್ಫರಸ್ ಹಿಡಿಯುವ ಮಾತ್ರೆ ಬರೆದೇ ಇದ್ದರು. ಆದರೂ ತಿಂಗಳ ರಿಪೋರ್ಟಿನಲ್ಲಿ ರಕ್ತದ ಫಾಸ್ಫರಸ್ ಏಳು, ಎಂಟು, ಹೆಚ್ಚೇ. ಒಂದು ದಿನ ಒಬ್ಬೊಬ್ಬರ ಹತ್ತಿರವೂ ಕೂತು ಕೇಳಿದೆ: ಈ ಮಾತ್ರೆ ಯಾವಾಗ ತಗೋತೀರಾ? "ರಾತ್ರಿ ಮಲಗೋವಾಗ ಸಿಸ್ಟರ್, ಎಲ್ಲಾ ಮಾತ್ರೆ ಒಟ್ಟಿಗೆ." "ಬೆಳಗ್ಗೆ ಖಾಲಿ ಹೊಟ್ಟೇಲಿ, ಶಕ್ತಿ ಮಾತ್ರೆ ಅಲ್ವಾ?" ಒಬ್ಬ ಅಮ್ಮನವರು ದುಬಾರಿ ಅಂತ ವಾರಕ್ಕೆರಡು ಸಲ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಮಾಡುವುದಲ್ಲ. ಹೊಟ್ಟೆಯಲ್ಲಿ ಊಟದ ಜೊತೆ ಬೆರೆತು ಅಲ್ಲೇ ಫಾಸ್ಫರಸ್ ಹಿಡಿದುಕೊಂಡು ಮಲದಲ್ಲಿ ಹೊರಹೋಗಬೇಕು. ಊಟ ಇಲ್ಲದ ಹೊತ್ತಿನಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಇಷ್ಟು ವರ್ಷ ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ದಿನವೂ ಅವರ ಪಕ್ಕದಲ್ಲೇ ನಿಲ್ಲುತ್ತಿದ್ದ ನಾನೂ ಹೇಳಿರಲಿಲ್ಲ.

ಆವತ್ತಿನಿಂದ ಮಾತ್ರೆಯ ಸ್ಟ್ರಿಪ್ಪನ್ನು ಟಿಫನ್ ಕ್ಯಾರಿಯರ್ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಸಿದೆ. ಡಯಾಲಿಸಿಸ್ ನಡುವೆ ಇಡ್ಲಿಯೋ ಮುದ್ದೆಯೋ ತಿನ್ನುವಾಗ ಮೊದಲ ತುತ್ತಿನ ಜೊತೆ ಮಾತ್ರೆ ಹೋಗಬೇಕು, ನನ್ನ ಕಣ್ಣೆದುರು. ಮನೆಯಲ್ಲೂ ಮಾತ್ರೆ ಔಷಧಿ ಡಬ್ಬದಲ್ಲಿ ಬೇಡ, ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿ ಇರುತ್ತಿದ್ದ ಜಾಗದಲ್ಲಿರಲಿ ಅಂದೆ. ಏಳೂಮುಕ್ಕಾಲರಲ್ಲಿದ್ದ ಒಬ್ಬರ ಫಾಸ್ಫರಸ್ ಮೂರು ತಿಂಗಳಿಗೆ 5.4ಕ್ಕೆ ಬಂತು. ಹೊಸ ಮಾತ್ರೆ ಒಂದೂ ಸೇರಿಸಿರಲಿಲ್ಲ.

ಗೋಡೆಗೆ ಅಂಟಿಸಿದ್ದ 'ತಿನ್ನಬಾರದು' ಪಟ್ಟಿಯನ್ನು ನಾನೇ ಕಿತ್ತೆ. ಬೇಳೆ ಬೇಡ, ಕಾಳು ಬೇಡ, ಮೊಟ್ಟೆ ಬೇಡ ಅಂತ ಹೆದರಿ ಜನ ಒಣಗಿಹೋಗುತ್ತಿದ್ದರು. ಡಯಾಲಿಸಿಸ್‌ನಲ್ಲಿ ಸೊರಗಿದವರು ಬೇಗ ಸಾಯುತ್ತಾರೆ. ಕಾಳುಬೇಳೆಯ ಫಾಸ್ಫರಸ್ ಅರ್ಧದಷ್ಟೇ ಮೈಗೆ ಸೇರುವುದು. ಕೋಲಾ, ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಮಾಂಸಕ್ಕೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಮೊದಲು ಬಿಡಬೇಕಾದ್ದು ಅದು.

ಉಪ್ಪಿನ ವಿಷಯಕ್ಕೆ ಸಲೈನ್ ಬಾಟಲಿಯನ್ನೇ ಕೈಗೆ ಕೊಡುತ್ತೇನೆ. ಅರ್ಧ ಲೀಟರ್ ಬಾಟಲಿ, ಮೇಲೆ 0.9% ಅಂತ ಬರೆದಿದೆ. ಅಂದರೆ ಅದರೊಳಗೆ ನಾಲ್ಕೂವರೆ ಗ್ರಾಂ ಉಪ್ಪು. ಅಷ್ಟೇ ಉಪ್ಪನ್ನು ತೂಗಿ ಕಾಗದದಲ್ಲಿ ಪಕ್ಕಕ್ಕೆ ಇಡುತ್ತೇನೆ, ಒಂದು ಟೀ ಚಮಚಕ್ಕೂ ಕಡಿಮೆ. "ಇಷ್ಟು ತಿಂದ್ರೆ ಇಷ್ಟು ನೀರು ನಿಮ್ಮ ಮೈಲಿ ನಿಂತ್ಕೊಳ್ಳುತ್ತೆ ಯಜಮಾನ್ರೇ" ಅಂದಾಗ ಅವರು ಎರಡನ್ನೂ ನೋಡುತ್ತಾ ಸುಮ್ಮನಾಗುತ್ತಾರೆ. ನೀರು ಕುಡಿಯಬೇಡಿ ಅಂತ ಬೈಯುವುದನ್ನು ಬಿಟ್ಟೆ. ಉಪ್ಪು ತಿಂದವರು ನೀರು ಕುಡಿದೇ ಕುಡಿಯುತ್ತಾರೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣಮೀನು ನಿಂತರೆ ಬಾಯಾರಿಕೆ ತಾನಾಗಿ ಇಳಿಯುತ್ತದೆ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ಕಿಡ್ನಿ ಕೆಟ್ಟವರು ಮುಟ್ಟಬಾರದು. ಅದರಲ್ಲಿರುವುದು ಪೊಟ್ಯಾಶಿಯಂ, ಎಳನೀರಿನಂತೆಯೇ, ಹೃದಯ ನಿಲ್ಲಿಸಬಲ್ಲದು.

ನೀರು ಹೆಚ್ಚು ತಂದರೆ ಹೆಚ್ಚು ತೆಗೆದರಾಯಿತು ಅನ್ನುವ ಹಾಗಿಲ್ಲ. ಕೆಜಿ ತೂಕಕ್ಕೆ ಗಂಟೆಗೆ 13 ಮಿಲಿಲೀಟರ್ ಮೀರಿ ಎಳೆದರೆ ಹೃದಯದ ಸ್ನಾಯುವಿಗೆ ಪೆಟ್ಟು. ಐವತ್ತು ಕೆಜಿಯವರಿಗೆ ನಾಲ್ಕು ಗಂಟೆಯಲ್ಲಿ 2.6 ಲೀಟರ್, ಅಷ್ಟೇ ಮಿತಿ. ನಾಲ್ಕು ಲೀಟರ್ ಹೊತ್ತು ಬಂದವರಿಗೆ ಈಗ ನಾನು ಡಾಕ್ಟರನ್ನು ಕೇಳಿ ಒಂದು ಗಂಟೆ ಹೆಚ್ಚು ಹಾಕುತ್ತೇನೆ, ಇಲ್ಲವೆ ಮರುದಿನ ಕರೆಯುತ್ತೇನೆ. ಬಸ್ ತಪ್ಪುತ್ತದೆ ಎಂದು ಅವರು ಗೋಗರೆಯುವಾಗ ಒಪ್ಪಿಸುವುದು ಈ ಕೆಲಸದಲ್ಲೇ ಕಷ್ಟದ್ದು.

'ಗ್ಯಾಸ್' ಅನ್ನುವ ಮಾತನ್ನೂ ಈಗ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಿಡ್ನಿ ಮತ್ತು ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವು ಎದೆನೋವಿನ ಹಾಗೆ ಬರುವುದು ಕಡಿಮೆ. ಉಬ್ಬಸ, ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಅಂದರೆ ಮೊದಲು ಇಸಿಜಿ, ಆಮೇಲೆ ಮಿಕ್ಕಿದ್ದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೊಪೋನಿನ್ ಇವರಲ್ಲಿ ಮಾಮೂಲಿಯಾಗಿಯೇ ಸ್ವಲ್ಪ ಹೆಚ್ಚಿರುತ್ತದೆ, ಆದ್ದರಿಂದ ಕೆಲವು ಗಂಟೆ ಬಿಟ್ಟು ಎರಡನೇ ಸಲ ನೋಡಿ ಏರಿದೆಯೇ ಅಂತ ತಿಳಿಯಬೇಕು.

ಎಲ್ಲರಿಗೂ ಕೊಲೆಸ್ಟ್ರಾಲ್ ಮಾತ್ರೆ ಯಾಕೆ ಕೊಡುವುದಿಲ್ಲ ಅಂತ ಡಾಕ್ಟರನ್ನು ಕೇಳಿದ್ದೆ. ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಕೊಟ್ಟರೆ ಅಷ್ಟಾಗಿ ಉಪಯೋಗ ಕಾಣಲಿಲ್ಲ ಎಂದು 2005 ಮತ್ತು 2009ರ ಎರಡು ದೊಡ್ಡ ಅಧ್ಯಯನ ಹೇಳಿವೆಯಂತೆ. ಅದಕ್ಕೂ ಮುಂಚೆ, ಕಿಡ್ನಿ ಅರ್ಧ ಕೆಲಸ ಮಾಡುತ್ತಿರುವಾಗಲೇ ಶುರುಮಾಡಿದರೆ ಉಪಯೋಗ ಇದೆ. ಆ ಮಾತು ನನ್ನನ್ನು ಕೊಠಡಿಯ ಹೊರಗಿನ ಬೆಂಚಿನತ್ತ ನೋಡುವಂತೆ ಮಾಡಿತು. ಅಲ್ಲಿ ರೋಗಿಯ ತಮ್ಮ, ಮಗಳು, ಹೆಂಡತಿ ನಾಲ್ಕು ಗಂಟೆ ಸುಮ್ಮನೆ ಕೂತಿರುತ್ತಾರೆ. ಈಗ ಅವರ ಬಿಪಿ ನೋಡುತ್ತೇನೆ, ಸಕ್ಕರೆ ಅಥವಾ ಬಿಪಿ ಇದ್ದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆಗೆ ಕಳಿಸುತ್ತೇನೆ. ಮೂತ್ರದ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿದ್ದರೆ ಕಿಡ್ನಿಯೂ ನಾಳವೂ ಸೋರತೊಡಗಿವೆ ಎಂದು ಲೆಕ್ಕ. ಈ ಹಂತದಲ್ಲಿ ಹೃದಯ, ಕಿಡ್ನಿ ಎರಡನ್ನೂ ಕಾಯುವ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆ 2020ರ ಕೊನೆಯಿಂದ ನಮ್ಮ ದೇಶದ ಹಲವು ಕಂಪನಿಗಳ ಕೈಯಲ್ಲಿ ಅಗ್ಗವಾಗಿದೆ. ಅಣ್ಣನನ್ನು ಕರೆತರುತ್ತಿದ್ದ ಒಬ್ಬ ತಮ್ಮನಿಗೆ ಹೀಗೆ ಪತ್ತೆಯಾಗಿ, ಅವನು ಈಗ ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಾನೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಕಿಡ್ನಿ ಕೆಡಿಸುವ ನೋವಿನ ಮಾತ್ರೆ ತಂದು ನುಂಗುವುದನ್ನೂ ನಿಲ್ಲಿಸಿದ್ದಾನೆ.

ಶನಿವಾರದ ಬ್ಯಾಚಿಗೆ ಭಾನುವಾರ, ಸೋಮವಾರ ಎರಡು ದಿನ ಬಿಡುವು. ಸಾವಿನ ಅಪಾಯ ಹೆಚ್ಚುವುದು ಆ ದೊಡ್ಡ ಬಿಡುವಿನ ಕೊನೆಯಲ್ಲೇ, ಆಟೋ ಅಣ್ಣನಿಗೆ ಆದಂತೆ. ಅದಕ್ಕೆ ಶನಿವಾರ ಸೂಜಿ ತೆಗೆದು ಗಾಯ ಒತ್ತಿ ಹಿಡಿದಿರುವ ಹತ್ತು ನಿಮಿಷದಲ್ಲಿ ಕೇಳುತ್ತೇನೆ: ನಾಳೆ ಮದುವೆ ಇದೆಯಾ, ಬಾಡೂಟ ಇದೆಯಾ? "ಬೀಗರೂಟ ಇದೆ ಸಿಸ್ಟರ್." ಹಾಗಾದರೆ ಎರಡು ತುಂಡು ತಿನ್ನಿ, ಸಾರು ಬಿಡಿ, ಮಾತ್ರೆ ಜೇಬಲ್ಲಿರಲಿ, ಸೋಮವಾರ ಉಸಿರು ಕಟ್ಟಿದರೆ ಮಂಗಳವಾರಕ್ಕೆ ಕಾಯದೆ ಫೋನ್ ಮಾಡಿ. ಅವರ ಕಾರ್ಡಿನ ಮೇಲೆ ಮಂಗಳವಾರ ಮೀರಬಾರದ ತೂಕವನ್ನು ಕೆಂಪು ಪೆನ್ನಿನಲ್ಲಿ ಬರೆದು ಕೈಗೆ ಕೊಡುತ್ತೇನೆ.